ಲೋಕಲ್ ಕೇಬಲ್‌ಗೆ ಹಾಡಿನ ಸ್ಪರ್ಧೆ ಮಾಡಿಸಿದೆ: ಒಂದು ವರ್ಷದ ಲೆಕ್ಕ

ಮುಚ್ಚಳ ಕೂರದಷ್ಟು ತುಂಬಿದ ಬಾಕ್ಸ್ ಫೈಲೊಂದು ನನ್ನ ಮೇಜಿನ ಮೇಲಿದೆ. ಹೋದ ವರ್ಷ ಇದೇ ಹೊತ್ತಿಗೆ ಅದರೊಳಗೆ ಇದ್ದದ್ದು ಒಂದೇ ಹಾಳೆ. ಹಾಳೆಯಲ್ಲಿ ನನ್ನ ಕೈಬರಹದಲ್ಲಿ ‘ಟಿವಿ ಶೋ’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಈಗ 13 ಕಂತು ಪ್ರಸಾರವಾಗಿದೆ, ಫಿನಾಲೆ ಮುಗಿದಿದೆ, ಕೆಲವರ ಬಾಕಿ ಬರಬೇಕಿದೆ, ಕೆಲವರಿಗೆ ನಾನೇ ಮುಖ ತಪ್ಪಿಸಿ ಓಡಾಡುತ್ತಿದ್ದೇನೆ. ನಮ್ಮ ಥರ ಊರಲ್ಲಿ ಆರ್ಕೆಸ್ಟ್ರಾ ಇಟ್ಟುಕೊಂಡು ‘ನಾವೂ ಒಂದು ಸಿಂಗಿಂಗ್ ಶೋ ಮಾಡೋಣ’ ಅಂತ ಯೋಚಿಸುವವರು ಬಹಳ ಜನ ಇದ್ದಾರೆ. ಅವರಿಗಾಗಿ ನೆನಪು ಮಾಸುವ ಮೊದಲೇ ಬರೆದಿಡುತ್ತಿದ್ದೇನೆ.

ನಾನು ಆರ್ಕೆಸ್ಟ್ರಾ ಮ್ಯಾನೇಜರ್. ಇಪ್ಪತ್ತೆರಡು ವರ್ಷದಿಂದ ಗಣಪತಿ ಪೆಂಡಾಲು, ಊರ ಜಾತ್ರೆ, ರಾಜ್ಯೋತ್ಸವ, ಆರತಕ್ಷತೆ, ಕರೆದ ಕಡೆ ಹೋಗಿ ರಸಮಂಜರಿ ಕೊಡುತ್ತೇವೆ. ಹೋದ ವರ್ಷ ಚೌತಿಗೆ ಹದಿನೈದು ದಿನ ಇದೆ ಅನ್ನುವಾಗ ನಮ್ಮ ಮುಖ್ಯ ಗಾಯಕಿ ತಂಡ ಬಿಟ್ಟಳು. ಏಳು ವರ್ಷ ನಮ್ಮ ಸ್ಟೇಜಲ್ಲೇ ಬೆಳೆದವಳು. ಬೆಂಗಳೂರಲ್ಲಿ ದುಪ್ಪಟ್ಟು ಕೊಡುತ್ತಾರಂತೆ. ‘ಅಣ್ಣಾ, ಬೇಜಾರ್ ಮಾಡ್ಕೋಬೇಡಿ’ ಅಂತ ವಾಟ್ಸ್ಯಾಪಲ್ಲಿ ಒಂದು ವಾಯ್ಸ್ ಮೆಸೇಜು. ಇಪ್ಪತ್ತೊಂದು ಸೆಕೆಂಡು. ಏಳು ವರ್ಷಕ್ಕೆ ಇಪ್ಪತ್ತೊಂದು ಸೆಕೆಂಡು ಅಂತ ಅವತ್ತು ರಾತ್ರಿ ಲೆಕ್ಕ ಹಾಕಿದ್ದೆ.

ಅದೇ ರಾತ್ರಿ ನಮ್ಮ ಕೀಬೋರ್ಡ್ ಹುಡುಗ ಒಬ್ಬ ಮನುಷ್ಯನ ಕಥೆ ಹೇಳಿದ. ಆಮೇಲೆ ನಾನೇ ಹುಡುಕಿ ಓದಿದೆ. ಸೈಮನ್ ಫುಲ್ಲರ್, ಇಂಗ್ಲೆಂಡಿನವನು. ಹಾಡುಗಾರನಲ್ಲ, ವಾದ್ಯಗಾರನಲ್ಲ, ನಮ್ಮ ಥರವೇ ಮ್ಯಾನೇಜರ್. 1985ರಲ್ಲಿ ಪಾಲ್ ಹಾರ್ಡ್‌ಕ್ಯಾಸಲ್ ಎಂಬುವನ ಹಾಡೊಂದು ಅಲ್ಲಿ ನಂಬರ್ ಒನ್ ಆಯಿತು. ವಿಯೆಟ್ನಾಂ ಯುದ್ಧಕ್ಕೆ ಹೋದ ಹುಡುಗರ ವಯಸ್ಸಿನ ಬಗ್ಗೆ ಇದ್ದ ಆ ಹಾಡಿನ ಹೆಸರೇ ‘19’. ಫುಲ್ಲರ್ ತನ್ನ ಕಂಪನಿಗೂ ಅದೇ ಅಂಕಿಯನ್ನು ಹೆಸರಾಗಿ ಇಟ್ಟುಕೊಂಡ. ಆಮೇಲೆ ಸ್ಪೈಸ್ ಗರ್ಲ್ಸ್ ಎಂಬ ಐದು ಹುಡುಗಿಯರ ತಂಡದ ಮ್ಯಾನೇಜರ್ ಆಗಿ ಅವರನ್ನು ಜಗತ್ತಿಗೇ ಪರಿಚಯ ಮಾಡಿಸಿದ. 1997ರ ನವೆಂಬರಲ್ಲಿ ಆ ಹುಡುಗಿಯರು ಅವನನ್ನೇ ಕೆಲಸದಿಂದ ತೆಗೆದರು!

ಇದನ್ನು ಓದಿ ನನಗೆ ಎಷ್ಟು ಸಮಾಧಾನ ಆಯಿತು ಅಂತ ಹೇಳಿಕೊಳ್ಳೋಕೆ ನಾಚಿಕೆ.

ಅವನು ಮುಂದೆ ಮಾಡಿದ್ದು ನನ್ನ ತಲೆ ಕೆಡಿಸಿತು. 2001ರಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ‘ಪಾಪ್ ಐಡಲ್’ ಶುರು ಮಾಡಿದ. ಹಾಡುವವರನ್ನು ಟಿವಿಯಲ್ಲೇ ಹುಡುಕು, ತೀರ್ಪನ್ನು ಫೋನ್ ಮೂಲಕ ಜನರಿಗೇ ಬಿಡು, ಗೆದ್ದವನ ಮ್ಯಾನೇಜ್‌ಮೆಂಟ್ ಮಾತ್ರ ನಿನ್ನ ಹತ್ತಿರ ಇಟ್ಟುಕೋ. 2002ರ ಫೆಬ್ರವರಿಯ ಫಿನಾಲೆಗೆ 87 ಲಕ್ಷ ಮತ ಬಿದ್ದವು. ಗೆದ್ದ ವಿಲ್ ಯಂಗ್‌ನ ಮೊದಲ ಸಿಂಗಲ್, ಅಂದರೆ ಬಿಡಿ ಹಾಡಿನ ಸಿಡಿ, ಒಂದೇ ವಾರದಲ್ಲಿ 11 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದಲ್ಲಿ ‘ಅಮೆರಿಕನ್ ಐಡಲ್’ ಬಂತು. 2004ರಲ್ಲಿ ಸೋನಿಯಲ್ಲಿ ‘ಇಂಡಿಯನ್ ಐಡಲ್’ ಬಂದಾಗ ನಾವೆಲ್ಲ ಲಾಡ್ಜಿನ ಟಿವಿ ಮುಂದೆ ಕೂತು, ಅಭಿಜಿತ್ ಸಾವಂತ್ ಗೆಲ್ಲುತ್ತಾನೋ ಇಲ್ಲವೋ ಅಂತ ಬಾಜಿ ಕಟ್ಟಿದ್ದು ನೆನಪಿದೆ. ಅದರ ಹಿಂದೆಯೂ ಈ ಮನುಷ್ಯನ ಐಡಿಯಾವೇ ಇದೆ ಅಂತ ಅವತ್ತು ಯಾರಿಗೆ ಗೊತ್ತಿತ್ತು?

ಹಾಗಂತ ಹಾಡಿನ ಸ್ಪರ್ಧೆಯನ್ನು ನಮಗೆ ಕಲಿಸಿದ್ದು ಅವನೇನಲ್ಲ. ಜೀ ಟಿವಿಯಲ್ಲಿ ‘ಸರೆಗಮ’ 1995ರಲ್ಲೇ ಶುರುವಾಗಿತ್ತು. ಮರುವರ್ಷ ತೆಲುಗಿನ ಈಟಿವಿಯಲ್ಲಿ ಎಸ್‌ಪಿಬಿ ಅವರ ಕಾರ್ಯಕ್ರಮ ಬಂತು, ಆಮೇಲೆ ಕನ್ನಡದಲ್ಲಿ ‘ಎದೆ ತುಂಬಿ ಹಾಡುವೆನು’. ಆ ಕಾರ್ಯಕ್ರಮಗಳಲ್ಲಿ ಹಾಡು ದೊಡ್ಡದಾಗಿತ್ತು. ಫುಲ್ಲರ್ ಸೇರಿಸಿದ್ದು ಕ್ಯೂ, ಅಳು, ಮನೆಯ ಕಥೆ, ಫೋನ್ ವೋಟು. ಇನ್ನೊಂದು ಮುಖ್ಯವಾದದ್ದು ಅಗ್ರಿಮೆಂಟು. ಸ್ಪೈಸ್ ಗರ್ಲ್ಸ್ ಮ್ಯಾನೇಜರನ್ನು ಬಿಡಬಹುದಿತ್ತು. ಐಡಲ್‌ನಲ್ಲಿ ಹಾಡುವವರು ಪ್ರತಿ ವರ್ಷ ಬದಲಾಗುತ್ತಾರೆ, ಅಂಗಡಿ ಮಾತ್ರ ಮಾಲೀಕನದೇ. ನನಗೂ ಅಂಥದ್ದೊಂದು ಅಂಗಡಿ ಬೇಕು ಅನ್ನಿಸಿತು. ಒಳ್ಳೆಯ ಉದ್ದೇಶದಿಂದ ಶುರು ಮಾಡಿದೆ ಅಂತ ಸುಳ್ಳು ಹೇಳುವುದಿಲ್ಲ. ಸಿಟ್ಟಿನಿಂದ ಶುರು ಮಾಡಿದೆ.

ನಮ್ಮ ಊರ ಲೋಕಲ್ ಕೇಬಲ್ ಚಾನೆಲ್‌ನವರು ಹಳೇ ಪರಿಚಯ. ಭಾನುವಾರ ಸಂಜೆ ಏಳಕ್ಕೆ ಒಂದು ಗಂಟೆ, ಕಂತಿಗೆ 4,000 ರೂಪಾಯಿ, 13 ವಾರ. ದುಡ್ಡು ಕೊಡಬೇಕಾದವನು ನಾನು. ‘ಅವರು ನಮಗೆ ಕೊಡೋದಲ್ವಾ?’ ಅಂತ ನಮ್ಮ ತಬಲದವನು ಕೇಳಿದ. ಇಲ್ಲ. ಸ್ಲಾಟ್ ನಾವು ಕೊಳ್ಳಬೇಕು, ನಡುವೆ ಬರುವ ಜಾಹೀರಾತು ನಾವೇ ಹಿಡಿದು ತರಬೇಕು. ಅದರಲ್ಲೂ ಗಂಟೆಗೆ ನಾಲ್ಕು ನಿಮಿಷ ಚಾನೆಲ್‌ನವರದು. ಇದನ್ನು ಬಾಯಿಮಾತಲ್ಲಿ ಬಿಡಬೇಡಿ. ನಾನು ಬಿಟ್ಟಿದ್ದೆ. ಆ ನಾಲ್ಕು ನಿಮಿಷ ಮೂರನೇ ವಾರಕ್ಕೆ ಒಂಬತ್ತಾಯಿತು.

ಸ್ಪಾನ್ಸರ್ ಹಿಡಿಯಲು ಎರಡು ತಿಂಗಳು ಹೋಯಿತು. ಬಟ್ಟೆ ಅಂಗಡಿ, ಚಿನ್ನದಂಗಡಿ, ಕೋಚಿಂಗ್ ಸೆಂಟರು, ಟೈಲ್ಸ್ ಡೀಲರು. ಎಲ್ಲರೂ ಚಹಾ ಕುಡಿಸುತ್ತಾರೆ. ‘ದೀಪಾವಳಿ ಕಳೀಲಿ’ ಅನ್ನುತ್ತಾರೆ. ದೀಪಾವಳಿ ಕಳೆದ ಮೇಲೆ ‘ಸಂಕ್ರಾಂತಿ ಕಳೀಲಿ’. ಒಟ್ಟು 5,10,000 ರೂಪಾಯಿಗೆ ಮಾತಾಯಿತು, ಕೈಗೆ ಮುಂಗಡ ಬಂದದ್ದು 1,20,000. ಅಷ್ಟರಲ್ಲೇ ಆಡಿಷನ್ ಪೋಸ್ಟರ್ ಹೊಡೆಸಿಬಿಟ್ಟೆ. ತಪ್ಪು.

ಆಡಿಷನ್ ನಾಲ್ಕು ತಾಲೂಕುಗಳಲ್ಲಿ, ಭಾನುವಾರಗಳಂದು, ಶಾಲೆಯ ಕೊಠಡಿಗಳಲ್ಲಿ. ಮೊದಲ ಭಾನುವಾರ ಬೆಳಿಗ್ಗೆ ಆರಕ್ಕೆ ಹೋದರೆ ಗೇಟಿನ ಹೊರಗೆ ಆಗಲೇ ನಲವತ್ತು ಜನ. ಮಫ್ಲರ್ ಸುತ್ತಿಕೊಂಡ ಅಪ್ಪಂದಿರು, ಫ್ಲಾಸ್ಕಿನಲ್ಲಿ ಬಿಸಿನೀರು ಹಿಡಿದ ಅಮ್ಮಂದಿರು, ಗೋಡೆ ಕಡೆ ಮುಖ ಮಾಡಿ ಸ ಪ ಸ ಹೇಳಿಕೊಳ್ಳುವ ಮಕ್ಕಳು. ನಾಲ್ಕೂ ಕಡೆ ಸೇರಿ 386 ಜನ ಹಾಡಿದರು. ಒಬ್ಬೊಬ್ಬರಿಗೆ ಒಂದು ಪಲ್ಲವಿ, ಒಂದು ಚರಣ, ತಂಬೂರಿ ಆ್ಯಪಿನ ಶ್ರುತಿ ಅಷ್ಟೇ. ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಮಾಡಿದ ಹಿನ್ನೆಲೆ ವಾದ್ಯ, ಕೊಡಲಿಲ್ಲ. ಟ್ರ್ಯಾಕ್ ಕೊಟ್ಟರೆ ಅರ್ಧ ಜನ ಅದರೊಳಗೇ ಅಡಗಿಕೊಳ್ಳುತ್ತಾರೆ.

ಎರಡನೇ ಭಾನುವಾರ ಒಬ್ಬ ತಾಯಿ ಮೆಲ್ಲಗೆ ಬಂದು, ‘ಸಾರ್, ನಾವು ದುಡ್ಡು ಕೊಟ್ಟಾಗಿದೆಯಲ್ಲ, ಮಗಳು ಈ ಕ್ಯೂನಲ್ಲೇ ನಿಲ್ಲಬೇಕಾ?’ ಅಂದರು. ಯಾವ ದುಡ್ಡು? ಯಾರೋ ನಮ್ಮ ಶೋ ಹೆಸರು ಹೇಳಿ, ‘ನೇರ ಟಾಪ್ 12ಕ್ಕೆ ಹಾಕಿಸ್ತೀನಿ’ ಅಂತ ಫೋನ್‌ಪೇಯಲ್ಲಿ 3,000 ಇಸಿದುಕೊಂಡಿದ್ದಾನೆ. ಹಾಗೆ ಕೊಟ್ಟವರು ಐದು ಜನ ಸಿಕ್ಕರು. ನಂಬರ್ ಆಗಲೇ ಸ್ವಿಚ್ ಆಫ್. ಠಾಣೆಯಲ್ಲಿ ದೂರು ಬರೆಸಿದೆವು. ದುಡ್ಡಂತೂ ವಾಪಸ್ ಬರಲಿಲ್ಲ. ನೀವು ಮಾಡುವುದಾದರೆ ಪೋಸ್ಟರಿನ ಮೇಲ್ಗಡೆಯೇ, ನಿಮ್ಮ ಶೋ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ‘ಆಡಿಷನ್‌ಗೆ ಯಾವುದೇ ಶುಲ್ಕವಿಲ್ಲ’ ಅಂತ ಹಾಕಿಸಿ. ಮಗುವನ್ನು ಯಾವುದೇ ಆಡಿಷನ್‌ಗೆ ಕರೆದೊಯ್ಯುವ ಪೋಷಕರಿಗೂ ಒಂದು ಮಾತು: ಮೊದಲೇ ದುಡ್ಡು ಕೇಳಿದವನು ಶೋ ಮಾಡುವವನಲ್ಲ.

ಈಗ ಮಕ್ಕಳ ವಿಷಯ. ಇದನ್ನು ಗಮನವಿಟ್ಟು ಓದಿ.

386ರಲ್ಲಿ 71 ಜನ 14 ತುಂಬದವರು. ಅವರಿಗೇ ಬೇರೆ ವಿಭಾಗ ಮಾಡಬೇಕು ಅಂತ ನನ್ನ ಆಸೆ. ಅದರಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ, ಲಾರಿ ಡ್ರೈವರ್ ಮಗ, ಶಿಶುನಾಳ ಶರೀಫರ ತತ್ವಪದ ಹಾಡಿದ. ತಾರಸ್ಥಾಯಿಯಲ್ಲಿ ದನಿ ಚೂರೂ ನಡುಗಲಿಲ್ಲ. ಜಡ್ಜ್ ಆಗಿ ಕೂತಿದ್ದ ನಮ್ಮ ಸಂಗೀತದ ಮೇಷ್ಟ್ರು ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿಕೊಂಡರು. ಅಂಕ ಬರೆಯೋದನ್ನೇ ಮರೆತಿದ್ದರು. ಆ ಚೀಟಿ ಈಗಲೂ ಖಾಲಿಯಾಗಿಯೇ ಫೈಲಲ್ಲಿದೆ.

ಅಗ್ರಿಮೆಂಟ್ ಮಾಡಿಕೊಡಲು ಹಿಡಿದ ವಕೀಲರು ಕೇಳಿದ ಮೊದಲ ಪ್ರಶ್ನೆ: ‘ಡಿಸಿ ಪರ್ಮಿಷನ್ ತಗೊಂಡ್ರಾ?’ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿದೆ, 2017ರಲ್ಲಿ ನಿಯಮ ಬಂದಿವೆ. 14 ವರ್ಷದೊಳಗಿನ ಮಕ್ಕಳು ಟಿವಿ ಕಾರ್ಯಕ್ರಮದಲ್ಲಿ ಕಲಾವಿದರಾಗಿ ಭಾಗವಹಿಸಬಹುದು, ಆದರೆ ಆಯೋಜಕ ಮೊದಲು ಜಿಲ್ಲಾ ದಂಡಾಧಿಕಾರಿಯ, ಅಂದರೆ ಜಿಲ್ಲಾಧಿಕಾರಿಯ ಅನುಮತಿ ಪಡೆಯಬೇಕು. ‘ಫಾರಂ ಸಿ’ ಅಂತ ಒಂದು ಮುಚ್ಚಳಿಕೆ ಇದೆ. ಅದರ ಜೊತೆ ಮಕ್ಕಳ ಪಟ್ಟಿ, ಪೋಷಕರ ಒಪ್ಪಿಗೆ, ಮಕ್ಕಳ ಜವಾಬ್ದಾರಿ ಯಾರದು ಎಂಬ ವಿವರ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವ ಹಾಗಿಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟಿಸುವ ಹಾಗಿಲ್ಲ. ಸತತ 27 ದಿನ ದಾಟುವಂತಿಲ್ಲ, ಶಾಲೆಯ ಪಾಠ ತಪ್ಪುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯ ವ್ಯಕ್ತಿ ಇರಬೇಕು. ಮಗುವಿಗೆ ಬರುವ ಆದಾಯದಲ್ಲಿ ಕನಿಷ್ಠ ಶೇ. 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಲ್ಲಿ ಠೇವಣಿ ಇಡಬೇಕು, ಅದು ಪ್ರಾಯಕ್ಕೆ ಬಂದ ಮೇಲೆ ಅವನಿಗೆ. ಎಲ್ಲ ಓದಿದ ಮೇಲೆ ನನಗೆ ನೆನಪಾದದ್ದು, ರಾತ್ರಿ ಎರಡು ಗಂಟೆಗೆ ಪೆಂಡಾಲಿನಲ್ಲಿ ನಾನೇ ಸ್ಟೇಜ್ ಹತ್ತಿಸಿದ ನಿದ್ದೆಗಣ್ಣಿನ ಪುಟಾಣಿಗಳು.

ಜನವರಿ ಮೊದಲ ವಾರ ಅರ್ಜಿ ಕೊಟ್ಟೆ. ಟಪಾಲಿನಲ್ಲಿ ಸೀಲು ಬಿತ್ತು. ಕೇಸ್ ವರ್ಕರ್ ಅರ್ಜಿ ತಿರುಗಿಸಿ ನೋಡಿ, ‘ಇದು ನಮ್ದಲ್ಲ, ಕಾರ್ಮಿಕ ಇಲಾಖೆ’ ಅಂದರು. ಅಲ್ಲಿ ಹೋದರೆ, ‘ಮಕ್ಕಳ ವಿಷಯ, ಮಕ್ಕಳ ರಕ್ಷಣಾ ಘಟಕದವರ ವರದಿ ಬೇಕು.’ ಅಲ್ಲಿ ಹೋದರೆ, ‘ಡಿಸಿ ಆಫೀಸಿಂದ ಪತ್ರ ಬರಲಿ, ಆಮೇಲೆ ವರದಿ.’ ಯಾರೂ ಗದರಲಿಲ್ಲ, ಯಾರೂ ದುಡ್ಡೂ ಕೇಳಲಿಲ್ಲ. ಪಾಪ, ಇಂಥ ಅರ್ಜಿ ಅವರೂ ನೋಡಿರಲಿಲ್ಲ. ನಿಯಮದ ಪ್ರತಿ ಮುದ್ರಿಸಿಕೊಂಡು ಹೋಗಿ ಗುರುತು ಮಾಡಿ ತೋರಿಸಿದ ಮೇಲೆ ಕಡತ ತೆರೆದರು. ಆಮೇಲೆ ಚುನಾವಣಾ ಪಟ್ಟಿಯ ಕೆಲಸ, ಮೀಟಿಂಗು, ವರ್ಗಾವಣೆ. ನಾನು ಹದಿನಾಲ್ಕು ಸಲ ಹೋಗಿ ಬಂದೆ. ಮಾರ್ಚ್ ಮೊದಲ ಭಾನುವಾರ ಪ್ರಸಾರ ಶುರುವಾಗಬೇಕು. ಪತ್ರ ಇಲ್ಲ.

‘ಯಾರ್ ಕೇಳ್ತಾರೆ, ಹಾಕಿ ಸಾರ್’ ಅಂತ ಚಾನೆಲ್‌ನವರು. ವಕೀಲರು ಬೇಡ ಅಂದರು. ಮಕ್ಕಳ ವಿಭಾಗವನ್ನೇ ಕೈಬಿಟ್ಟೆ. 71 ಮನೆಗಳಿಗೂ ನಾನೇ ಫೋನ್ ಮಾಡಿದೆ. ಲಾರಿ ಡ್ರೈವರ್ ಯಾವುದೋ ಘಾಟಿಯಲ್ಲಿದ್ದರು, ಹಿಂದೆ ಹಾರ್ನ್ ಸದ್ದು. ‘ಮುಂದಿನ್ ವರ್ಷ ನೋಡೋಣ ಬಿಡಿ ಸಾರ್’ ಅಂದರು. ಹನ್ನೆರಡು ವರ್ಷದ ಹುಡುಗನ ದನಿ ಮುಂದಿನ ವರ್ಷಕ್ಕೆ ಹೇಗಿರುತ್ತೆ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಅನುಮತಿ ಪತ್ರ ಬಂತು, ಫಿನಾಲೆ ಮುಗಿದ ಆರನೇ ದಿನಕ್ಕೆ. ಷರತ್ತುಗಳೆಲ್ಲ ಸರಿಯಾಗಿ ಬರೆದ, ಅಚ್ಚುಕಟ್ಟಾದ ಪತ್ರ. ಮಕ್ಕಳನ್ನು ಸೇರಿಸುವವರು ಆಡಿಷನ್‌ಗಿಂತ ಆರು ತಿಂಗಳು ಮೊದಲೇ ಅರ್ಜಿ ಹಾಕಿ, ಪ್ರತಿ ಪುಟದ ಮೇಲೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಹಾಡಿನ ಹಕ್ಕು ಇನ್ನೊಂದು ಗೋಜಲು. ಇಪ್ಪತ್ತೆರಡು ವರ್ಷ ಪೆಂಡಾಲಿನಲ್ಲಿ ಹಾಡಿಸಿದವನಿಗೆ ಈ ತಲೆನೋವು ಇದೆ ಅಂತಲೇ ಗೊತ್ತಿರಲಿಲ್ಲ. ಚುಟುಕಾಗಿ ಹೇಳುತ್ತೇನೆ. ಸಾಹಿತ್ಯ ಮತ್ತು ಸ್ವರ ಸಂಯೋಜನೆಯನ್ನು ಸಾರ್ವಜನಿಕವಾಗಿ ಹಾಡುವುದಕ್ಕೆ ಪರವಾನಗಿ ಐಪಿಆರ್‌ಎಸ್ ಎಂಬ ಸಂಸ್ಥೆ ಕೊಡುತ್ತದೆ. ಸಿಡಿ, ಟ್ರ್ಯಾಕ್ ಹಾಕಿ ನುಡಿಸಿದರೆ ರೆಕಾರ್ಡಿಂಗ್ ಹಕ್ಕಿನದು ಬೇರೆ, ಅದಕ್ಕೆ ಪಿಪಿಎಲ್ ಥರದವರು. ನಮ್ಮದು ಲೈವ್ ವಾದ್ಯ, ಹಾಗಾಗಿ ಎರಡನೆಯದು ತಪ್ಪಿತು. ಆದರೆ ಹಾಡನ್ನು ಚಿತ್ರೀಕರಿಸಿ ವಿಡಿಯೋ ಮಾಡುತ್ತೀರಿ ಅಂದರೆ ಹಕ್ಕು ಹೊಂದಿದ ಆಡಿಯೋ ಕಂಪನಿಯನ್ನೇ ಕೇಳಬೇಕು. ಮೇಲ್ ಕಳಿಸಿ ಕಾಯಬೇಕು. ಕೆಲವರು ದರ ಹೇಳುತ್ತಾರೆ, ಕೆಲವರು ಉತ್ತರವನ್ನೇ ಕೊಡುವುದಿಲ್ಲ. ವಕೀಲರ ಫೀಸೂ ಸೇರಿ ಇದಕ್ಕೆ 38,000 ಹೋಯಿತು. ಅಷ್ಟಾದರೂ ಮೊದಲ ಕಂತು ಯೂಟ್ಯೂಬಿಗೆ ಏರಿಸಿದ ನಾಲ್ಕೇ ನಿಮಿಷಕ್ಕೆ ಒಂದು ಹಾಡಿಗೆ ಕ್ಲೈಮ್, ಅಂದರೆ ‘ಇದರ ಹಕ್ಕು ನಮ್ಮದು’ ಎಂಬ ತಕರಾರು, ಬಂತು. ಪಟ್ಟಿ ನೋಡಿದರೆ, ಅದೊಂದು ಹಾಡಿಗೆ ಅನುಮತಿ ಕೇಳುವುದನ್ನೇ ಮರೆತಿದ್ದೇವೆ.

ಆಗ ಮೇಷ್ಟ್ರು ದಾರಿ ತೋರಿಸಿದರು. ‘ದಾಸರ ಪದಕ್ಕೆ, ವಚನಕ್ಕೆ ಯಾರು ದುಡ್ಡು ಕೇಳ್ತಾರೆ?’ ಹೌದಲ್ಲ! ನಮ್ಮಲ್ಲಿ ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಯ ಹಕ್ಕು ಇರುತ್ತದೆ, ಆಮೇಲೆ ಎಲ್ಲರದು. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ, ಅವರ ಸಾಹಿತ್ಯ ಯಾವತ್ತೋ ಮುಕ್ತ. ಗೋವಿಂದ ಪೈ 1963, ಅಂದರೆ 2024ರಿಂದ ಮುಕ್ತ. ಬೇಂದ್ರೆಯವರಿಗೆ 2041 ಮುಗಿಯಬೇಕು, ಕುವೆಂಪು ಅವರಿಗೆ 2054. ಹೀಗೆ ನಾಲ್ಕು ಕಂತುಗಳನ್ನು ದಾಸರ ಪದ, ವಚನ, ಜನಪದ, ತತ್ವಪದಕ್ಕೆ ಮೀಸಲಿಟ್ಟೆವು. ಅಲ್ಲೂ ಒಂದು ಮುಳ್ಳು. ಶರೀಫರು 1889ರಲ್ಲಿ ತೀರಿಕೊಂಡವರು, ಪದ ಎಲ್ಲರದು. ಆದರೆ ನಮ್ಮ ಕಿವಿಯಲ್ಲಿ ಕೂತಿರುವ ಧಾಟಿಗಳಲ್ಲಿ ಎಷ್ಟೋ ಸಿ. ಅಶ್ವತ್ಥ್ ಅವರು ಹಾಕಿದ್ದು, ಅವರು ಹೋದದ್ದು 2009ರಲ್ಲಿ. ಪದ ಬಿಟ್ಟಿ, ಧಾಟಿ ಬಿಟ್ಟಿಯಲ್ಲ. ಮೇಷ್ಟ್ರು ಮತ್ತು ಕೀಬೋರ್ಡ್ ಹುಡುಗ ಎರಡು ರಾತ್ರಿ ಕೂತು ಎಂಟು ಪದಕ್ಕೆ ಹೊಸ ಧಾಟಿ ಕಟ್ಟಿದರು. ಸ್ಪರ್ಧಿಗಳು ಮುಖ ಸಪ್ಪೆ ಮಾಡಿಕೊಂಡರು. ಗೊತ್ತಿರುವ ಧಾಟಿಯಾದರೆ ಜನ ಮೊದಲ ಸಾಲಿಗೇ ಚಪ್ಪಾಳೆ ಹೊಡೆಯುತ್ತಾರೆ, ಹೊಸದಾದರೆ ಹಾಡಿಯೇ ಗಿಟ್ಟಿಸಬೇಕು. ಆ ನಾಲ್ಕು ಕಂತುಗಳೇ ನಮ್ಮ ಶೋನ ಒಳ್ಳೆಯ ಕಂತುಗಳು ಅಂತ ಈಗ ಅನ್ನಿಸುತ್ತೆ.

ಅಗ್ರಿಮೆಂಟಿಗೆ ಬರುತ್ತೇನೆ. ಇದಕ್ಕೇ ತಾನೇ ನಾನು ಇಷ್ಟೆಲ್ಲ ಶುರು ಮಾಡಿದ್ದು. ಟಾಪ್ 12 ಜನರಿಗೆ ಇ-ಸ್ಟ್ಯಾಂಪ್ ಪೇಪರಿನ ಮೇಲೆ ಐದು ಪುಟ. ಗೆದ್ದವರು ಮೂರು ವರ್ಷ ನಮ್ಮ ತಂಡದ ಮೂಲಕವೇ ಕಾರ್ಯಕ್ರಮ ಕೊಡಬೇಕು, ಸಂಭಾವನೆಯಲ್ಲಿ ಶೇ. 30 ನಮಗೆ, ಬೇರೆ ಎಲ್ಲೂ ಹಾಡುವ ಹಾಗಿಲ್ಲ. ಹನ್ನೊಂದು ಜನ ಓದದೇ ಸಹಿ ಹಾಕಿದರು. ಒಬ್ಬ ಹುಡುಗ ನಾನೇ ಕೊಟ್ಟ ಪೆನ್ನಿನಲ್ಲಿ ಸಹಿ ಹಾಕಿ ಕಾಲಿಗೂ ಬಿದ್ದ.

ಹನ್ನೆರಡನೆಯವಳು ಬಿ.ಕಾಂ. ಓದುವ ಹುಡುಗಿ, ಇಪ್ಪತ್ತು ವರ್ಷ. ಜೊತೆಗೆ ಬಂದಿದ್ದ ತಾಯಿ ಅಂಗನವಾಡಿ ಕಾರ್ಯಕರ್ತೆ. ಆಯಮ್ಮ ಬೆಂಚಿನ ಮೇಲೆ ಕೂತು, ಬ್ಯಾಗಿಂದ ಕನ್ನಡಕ ತೆಗೆದು, ಮೊದಲ ಪುಟದಿಂದ ಓದೋಕೆ ಶುರು ಮಾಡಿದರು. ನಾನು ‘ಎಲ್ಲಾ ಮಾಮೂಲಿ ಅಮ್ಮ, ಫಾರ್ಮಾಲಿಟಿ’ ಅಂದೆ. ತಲೆ ಎತ್ತಲಿಲ್ಲ. ಮೂರನೇ ಪುಟದಲ್ಲಿ ಬೆರಳು ನಿಂತಿತು.

‘ಬೇರೆ ಎಲ್ಲೂ ಹಾಡಬಾರದು ಅಂದ್ರೆ, ನಮ್ಮ ಬೀದಿ ಗಣಪತಿ ಮುಂದೂ ಹಾಡಬಾರದಾ ಸಾರ್?’

‘ಅಯ್ಯೋ, ಅದಕ್ಕೇನು, ಹಾಡಬಹುದು.’

‘ಹಂಗಾದ್ರೆ ಹಂಗೇ ಬರೀರಿ.’

ಐದು ನಿಮಿಷ ಬಿಟ್ಟು ಮತ್ತೆ: ‘ಮೂರು ವರ್ಷದಲ್ಲಿ ನೀವು ಇವಳಿಗೆ ಎಷ್ಟು ಕಾರ್ಯಕ್ರಮ ಕೊಡಿಸ್ತೀರಿ? ಅದು ಎಲ್ಲೂ ಬರೆದಿಲ್ಲ. ಇವಳು ಏನ್ ಮಾಡಬಾರದು ಅನ್ನೋದಷ್ಟೇ ಇದೆ.’

ನನ್ನ ಹತ್ತಿರ ಉತ್ತರ ಇರಲಿಲ್ಲ. ಪಕ್ಕದಲ್ಲಿದ್ದ ವಕೀಲರು ಕಿಟಕಿ ಆಚೆ ನೋಡಿದರು. ಕೊನೆಗೆ ಮೂರು ವರ್ಷ ಒಂದಾಯಿತು. ‘ಬೇರೆ ಎಲ್ಲೂ’ ಎಂಬ ಸಾಲಿನ ಮೇಲೆ ಅವರೇ ಪೆನ್ನಿನಿಂದ ಗೀಟು ಎಳೆದು, ಪಕ್ಕದಲ್ಲಿ ಮಗಳ ಹತ್ತಿರ ಸಹಿ ಹಾಕಿಸಿ, ನನ್ನ ಕಡೆ ಪೆನ್ನು ಚಾಚಿದರು. ಸಿಟ್ಟು ಬಂತು. ಮನೆಗೆ ಬಂದು ಹೆಂಡತಿಗೆ ಹೇಳಿದರೆ, ‘ಆಯಮ್ಮ ಕೇಳಿದ್ದರಲ್ಲಿ ತಪ್ಪೇನಿದೆ?’ ಅಂದಳು. ಎರಡು ದಿನ ಬಿಟ್ಟು ಉಳಿದ ಹನ್ನೊಂದು ಜನರನ್ನೂ ಕರೆಸಿ ಅವರ ಪೇಪರಿನಲ್ಲೂ ಅದೇ ಸಾಲಿಗೆ ಗೀಟು ಎಳೆದೆವು. ಸಹಿ ಹಾಕುವ ಸ್ಪರ್ಧಿಗಳೇ, ನಿಮ್ಮ ಮನೆಯಲ್ಲಿ ಅಂಥವರೊಬ್ಬರು ಇದ್ದರೆ ಆಡಿಷನ್‌ಗೆ ಬಿಟ್ಟು ಹೋದರೂ ಪರವಾಗಿಲ್ಲ, ಅಗ್ರಿಮೆಂಟಿನ ದಿನ ಮಾತ್ರ ಕರೆದುಕೊಂಡು ಹೋಗಿ.

ಶೂಟಿಂಗ್ ಆರು ದಿನ, ಪ್ರತಿ ದಿನ ಎರಡು ಕಂತು, ಬಾಡಿಗೆ ಹಾಲ್‌ನಲ್ಲಿ. ಕ್ಯಾಮೆರಾಗೆ ದಿನಕ್ಕೆ 12,000, ಹಾಲ್‌ಗೆ 8,000. ಎಸಿ ಹಾಕಿದರೆ ಮೈಕಿನಲ್ಲಿ ಸದ್ದು, ನಿಲ್ಲಿಸಿದರೆ ಮೇಕಪ್ ಇಳಿಯುತ್ತದೆ. ಹಾಡಿನ ಹೊತ್ತಿಗೆ ನಿಲ್ಲಿಸುವುದು, ಮಾತಿನ ಹೊತ್ತಿಗೆ ಹಾಕುವುದು ಅಂತ ಒಬ್ಬ ಹುಡುಗನನ್ನು ಸ್ವಿಚ್ ಹತ್ತಿರವೇ ಕೂರಿಸಿದ್ದೆವು.

ಎರಡನೇ ಕಂತು ನೋಡಿದ ಚಾನೆಲ್ ಮಾಲೀಕರು ಮೇಷ್ಟ್ರ ಹತ್ತಿರ ಬಂದು, ‘ಸ್ವಲ್ಪ ಬೈಯಿರಿ ಸಾರ್, ಜನ ನೋಡೋದೇ ಅದಕ್ಕೆ’ ಅಂದರು. ಸೈಮನ್ ಕೋವೆಲ್ ಪಾಪ್ ಐಡಲ್‌ನಲ್ಲಿ ಜಡ್ಜ್ ಆಗಿ ಕೂತು ಮುಖಕ್ಕೆ ಹೊಡೆದ ಹಾಗೆ ಮಾತಾಡಿಯೇ ಹೆಸರು ಮಾಡಿದ್ದು ನನಗೂ ಗೊತ್ತಿತ್ತು, ಸುಮ್ಮನಿದ್ದೆ. (ಆ ಕೋವೆಲ್ ಆಮೇಲೆ ತನ್ನದೇ ‘ಎಕ್ಸ್ ಫ್ಯಾಕ್ಟರ್’ ಶುರು ಮಾಡಿದ, ನನ್ನ ಶೋ ನಕಲು ಮಾಡಿದ್ದೀಯ ಅಂತ ಫುಲ್ಲರ್ 2004ರಲ್ಲಿ ಕೇಸು ಹಾಕಿದ, ಮರುವರ್ಷ ರಾಜಿಯಾಯಿತು. ದೊಡ್ಡವರ ಜಗಳವೂ ಕೊನೆಗೆ ನಮ್ಮ ಪೆಂಡಾಲ್ ಜಗಳದ ಥರವೇ.) ಮೇಷ್ಟ್ರು ಎಲೆಯಡಿಕೆ ಹಾಕಿಕೊಳ್ಳುತ್ತ ಹೇಳಿದರು: ‘ಬೈಯೋಕೆ ಅವರ ಮನೇಲಿ ಜನ ಇದಾರೆ. ನಾನು ನಿಷಾದ ಎಲ್ಲಿ ತಪ್ಪಿತು ಅಂತ ಹೇಳ್ತೀನಿ.’ ನಿಷಾದ ಅಂದರೆ ಸರಿಗಮಪದನಿಯ ‘ನಿ’. ಎಸ್‌ಪಿಬಿ ಮಕ್ಕಳಿಗೆ ತಾವೇ ಹಾಡಿ ತೋರಿಸುತ್ತಿದ್ದರಲ್ಲ, ಇವರದೂ ಅದೇ ಪಾಠ. ನೋಡುವವರು ಕಡಿಮೆ ಆದರೋ ಏನೋ, ಆದರೆ ಸ್ಪರ್ಧಿಗಳ ನಿಷಾದ ಸರಿಹೋಯಿತು.

ವೋಟಿಂಗ್ ನಗೆಪಾಟಲಾಯಿತು. ಮಿಸ್ಡ್ ಕಾಲ್ ನಂಬರ್ ಕೊಟ್ಟಿದ್ದೆವು. ಸೆಮಿಫೈನಲ್ ವಾರ ಒಬ್ಬ ಹುಡುಗನಿಗೆ ಒಂದೇ ರಾತ್ರಿ 2,300 ಕರೆ. ತೆಗೆದು ನೋಡಿದರೆ ನೂರು ಚಿಲ್ಲರೆ ನಂಬರುಗಳಿಂದಲೇ ತಿರುತಿರುಗಿ ಹೊಡೆದಿದ್ದಾರೆ. ಒಂದು ನಂಬರಿಗೆ ಒಂದೇ ಮತ ಅಂತ ಮಾಡಿ, ಜನರ ಮತಕ್ಕೆ ಶೇ. 30, ಜಡ್ಜ್‌ಗಳಿಗೆ ಶೇ. 70 ಕೊಟ್ಟೆವು. ಮೊದಲ ದಿನವೇ ಹೀಗೆ ಮಾಡಿ ಬರೆದು ಅಂಟಿಸಿದ್ದರೆ ಆ ಹುಡುಗನ ಸೋದರಮಾವ ನಮ್ಮ ಮನೆ ಮುಂದೆ ಬಂದು ಕೂಗಾಡುತ್ತಿರಲಿಲ್ಲ.

ಫಿನಾಲೆ ಮೇ ಕೊನೆಯ ಶನಿವಾರ, ಶಾಲೆಯ ಮೈದಾನದಲ್ಲಿ. ಮರುದಿನ ಪ್ರಸಾರ. ಶಾಮಿಯಾನ, ಲೈಟು, ಜನರೇಟರು, ಕುರ್ಚಿ ಎಲ್ಲ ಸೇರಿ 1,10,000. ಪೊಲೀಸ್ ಅನುಮತಿ, ಧ್ವನಿವರ್ಧಕದ ಅನುಮತಿ, ಅಗ್ನಿಶಾಮಕದವರ ಪತ್ರ, ಮೂರೂ ಹಿಡಿದುಕೊಂಡು ನಾನು ಸ್ಟೇಜ್ ಪಕ್ಕದಲ್ಲೇ ನಿಂತಿದ್ದೆ. ಏಳೂಕಾಲಕ್ಕೆ ಮಳೆ. ಮುಂಗಾರು ಪೂರ್ವ ಮಳೆ ಗೊತ್ತಲ್ಲ, ಗುಡುಗಿ ಬಂದು ಎಲ್ಲ ಕಿತ್ತು ಹಾಕುವಂಥದ್ದು. ನಲವತ್ತು ನಿಮಿಷ ಕೀಬೋರ್ಡಿನ ಮೇಲೆ ಟಾರ್ಪಾಲು ಹಿಡಿದು ನಿಂತೆವು. ಜನ ಕುರ್ಚಿಗಳನ್ನು ತಲೆ ಮೇಲೆ ಹೊತ್ತುಕೊಂಡು ಅಲ್ಲೇ ನಿಂತರೇ ಹೊರತು ಹೋಗಲಿಲ್ಲ. ಮಳೆ ನಿಂತ ಮೇಲೆ ಶುರು ಮಾಡಿದರೆ ಗಡಿಯಾರ ಓಡುತ್ತಿದೆ. ರಾತ್ರಿ ಹತ್ತರ ಮೇಲೆ ಮೈಕ್ ಹಾಕುವ ಹಾಗಿಲ್ಲ. ಒಂಬತ್ತೂಮುಕ್ಕಾಲಿಗೆ ಪೇದೆಯೊಬ್ಬರು ಬಂದು ನನ್ನ ಪಕ್ಕ ನಿಂತು, ಏನೂ ಮಾತಾಡದೆ ವಾಚ್ ನೋಡಿಕೊಂಡರು. ಅತಿಥಿಗಳ ಭಾಷಣ ಎಲ್ಲ ರದ್ದು. 9.52ಕ್ಕೆ ಹೆಸರು ಕೂಗಿಸಿದೆವು.

ಗೆದ್ದವಳು ಆ ಅಂಗನವಾಡಿ ತಾಯಿಯ ಮಗಳೇ.

ಸ್ಟೇಜಿನ ಮೇಲೆ ದೊಡ್ಡ ರಟ್ಟಿನ ಚೆಕ್ಕು: 50,000. ಕೆಳಗಿಳಿದ ಮೇಲೆ ಕೊಟ್ಟ ನಿಜವಾದ ಚೆಕ್ಕು: 35,000. ತಾಯಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಟಿವಿ ಸ್ಪರ್ಧೆಯ ಬಹುಮಾನ 10,000 ದಾಟಿದರೆ ಶೇ. 30 ತೆರಿಗೆ ಮೂಲದಲ್ಲೇ ಹಿಡಿದು ಕಟ್ಟಬೇಕು ಅಂತ ವಿವರಿಸಿದೆ. ‘ಅದನ್ನ ಮೊದಲೇ ಹೇಳಬೇಕಿತ್ತು’ ಅಂದರು, ಅಷ್ಟೇ. ಆಮೇಲೆ ‘ಕಟ್ಟಿದ್ದಕ್ಕೆ ಸರ್ಟಿಫಿಕೇಟ್ ಕೊಡಿ.’ ಕೊಟ್ಟೆ, ಆದರೆ ತಡವಾಗಿ, ಯಾಕಂದರೆ ತೆರಿಗೆ ಹಿಡಿಯೋಕೆ ಬೇಕಾದ ಟ್ಯಾನ್ ನಂಬರೇ ನನ್ನ ಹತ್ತಿರ ಇರಲಿಲ್ಲ. ಪ್ಯಾನ್ ಬೇರೆ, ಟ್ಯಾನ್ ಬೇರೆ. ಸ್ಪಾನ್ಸರೊಬ್ಬರು ಕೊಟ್ಟ ಫ್ರಿಡ್ಜ್ ಇನ್ನೂ ಫಜೀತಿ. ವಸ್ತುವಿನ ರೂಪದ ಬಹುಮಾನವಾದರೆ ತೆರಿಗೆ ಕಟ್ಟಿದ ಮೇಲಷ್ಟೇ ಕೈಗೆ ಕೊಡಬೇಕು. 24,000ದ ಫ್ರಿಡ್ಜಿಗೆ 7,200. ಫ್ರಿಡ್ಜ್ ಗೆದ್ದ ಹುಡುಗನ ಹತ್ತಿರ ಅಷ್ಟು ಇಲ್ಲ, ಅಂಗಡಿಯವರು ‘ಅದು ನಮಗೆ ಸೇರಿದ್ದಲ್ಲ’ ಅಂದರು. ಕೊನೆಗೆ ನಾನು ಕಟ್ಟಿದೆ. ಒಂದು ವಾರ ಆ ಫ್ರಿಡ್ಜ್ ನಮ್ಮ ರಿಹರ್ಸಲ್ ರೂಮಿನಲ್ಲಿ ಇತ್ತು, ಮೇಲೆ ಢೋಲಕ್ ಇಟ್ಟಿದ್ದೆವು.

ಒಟ್ಟು ಖರ್ಚು 5,32,000. ಸ್ಪಾನ್ಸರ್‌ಗಳಿಂದ ಬಂದದ್ದು 4,15,000. ಇನ್ನೂ 95,000 ಬರಬೇಕು. ‘ಶ್ರಾವಣ ಕಳೀಲಿ’ ಅಂದಿದ್ದಾರೆ. ಅದೆಲ್ಲ ಬಂದರೂ ಕೈಯಿಂದ ಹೋದದ್ದು 22,000.

ಹೋದ ವಾರ ಆ ಹುಡುಗಿ, ತಾಯಿ ಇಬ್ಬರೂ ಮನೆಗೆ ಬಂದರು. ಬೆಂಗಳೂರಿನ ದೊಡ್ಡ ಚಾನೆಲ್ಲೊಂದರ ಆಡಿಷನ್‌ನಲ್ಲಿ ಎರಡು ಸುತ್ತು ದಾಟಿದ್ದಾಳೆ. ಬೇರೆ ಯಾರ ಜೊತೆಗೂ ಒಪ್ಪಂದ ಇಲ್ಲ, ಇದ್ದರೆ ಅವರ ಅಭ್ಯಂತರವಿಲ್ಲ ಅಂತ ಪತ್ರ ಬೇಕಂತೆ. ನಮ್ಮ ಒಂದು ವರ್ಷದಲ್ಲಿ ಇನ್ನೂ ಒಂಬತ್ತು ತಿಂಗಳು ಬಾಕಿ ಇದೆ. ಒಳಗೆ ಹೋಗಿ ಲೆಟರ್‌ಹೆಡ್ ತಂದೆ. ನಾಲ್ಕು ಸಾಲು ಬರೆದು ಸಹಿ ಹಾಕಿ ಕೊಟ್ಟೆ. ತಾಯಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ‘ತಾರೀಕು ಹಾಕಿಲ್ಲ ಸಾರ್’ ಅಂದರು. ಹಾಕಿದೆ. ಹೊರಡುವಾಗ ಹುಡುಗಿ ಬಾಗಿಲ ಹತ್ತಿರ ತಿರುಗಿ ನಿಂತು, ‘ಅಣ್ಣಾ, ಚೌತಿ ಪ್ರೋಗ್ರಾಂಗೆ ಬರೋಕಾಗಲ್ಲ, ಅದೇ ವಾರ ಮೂರನೇ ರೌಂಡು’ ಅಂದಳು. ಎದುರಿಗೇ ನಿಂತು ಹೇಳಿದಳು, ವಾಯ್ಸ್ ಮೆಸೇಜ್ ಅಲ್ಲ.

ಚೌತಿಗೆ ಐದು ಬುಕಿಂಗ್ ಇದೆ, ಮೂರಕ್ಕೆ ಮುಂಗಡವನ್ನೂ ತೆಗೆದುಕೊಂಡಾಗಿದೆ. ಡ್ಯುಯೆಟ್‌ಗೆ ಹೆಣ್ಣು ದನಿ ಬೇಕು.